ಕಾಯಿಲೆಯ ಪುರಾವೆ

ಫಹಾಹೀಲ್, ಕುವೈತ್
21 ಅಕ್ಟೋಬರ್ 1983, ಶುಕ್ರವಾರ

ಪ್ರೀತಿಯ ವೈಲೆಟ್,

ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಮಗಳು ಒಲಿಂಡಾಳ ಮದುವೆಯ ಆಮಂತ್ರಣ ಬಂದು ಮೂರು ತಿಂಗಳಾಯಿತು, ಫೋಟೋಗಳು ಬಂದು ಒಂದು ತಿಂಗಳಾಯಿತು, ಎರಡಕ್ಕೂ ನನ್ನಿಂದ ಒಂದು ಸಾಲು ಬರಲಿಲ್ಲ. ಎದುರುಬದುರು ಬಾಗಿಲಿನಲ್ಲಿ ಆರು ವರ್ಷ ಇದ್ದವಳು, ನೀನು ಊರಿಗೆ ಹೋದ ಹತ್ತೇ ತಿಂಗಳಲ್ಲಿ ಮರೆತುಬಿಟ್ಟಳು ಎಂದು ಶಿರ್ವದಲ್ಲಿ ಕೂತು ನಿಮ್ಮ ಯಜಮಾನರು ಕಜೆಟನ್ ಅವರ ಹತ್ತಿರ ಹೇಳಿರುತ್ತೀಯ. ಮರೆತಿಲ್ಲ ಕಣೆ. ಒಲಿಂಡಾ ಬಿಳಿ ಗೌನಿನಲ್ಲಿ ನಿಂತಿರುವ ಫೋಟೋವನ್ನು ನನ್ನ ಮಗಳು ವಸುಧಾ ತನ್ನ ಮಂಚದ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದಾಳೆ. ಅವಳಿಗೆ ಹನ್ನೊಂದು ತುಂಬಿತು. ನಾನು ಕನ್ನಡದಲ್ಲಿ ಏನು ಕೇಳಿದರೂ ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

ನೀವಿದ್ದ ಮನೆಗೆ ಸಿರಿಯಾದವರು ಬಂದಿದ್ದಾರೆ. ಗಂಡ ಹೆಂಡತಿ ಒಳ್ಳೆಯವರೇ. ಆದರೆ ಬಾಗಿಲು ಯಾವಾಗಲೂ ಮುಚ್ಚಿರುತ್ತದೆ. ನಿನ್ನ ಬಾಗಿಲು ಮುಚ್ಚಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಇನ್ನು ಬರೆಯದೇ ಇದ್ದದ್ದರ ಕಾರಣ. ಇದನ್ನು ನಾನು ಮೈಸೂರಿಗೆ ಬರೆಯಲಾರೆ. ಅತ್ತೆಯವರಿಗೆ ತಪ್ಪದೆ ‘ನಾವೆಲ್ಲ ಕ್ಷೇಮ’ ಎಂದು ಬರೆದು, ಕೊನೆಗೆ ಇವರ ಕೈಯಿಂದ ಒಂದು ಸಹಿ ಹಾಕಿಸಿ ಅಂಚೆಗೆ ಹಾಕುತ್ತೇನೆ. ನೀನು ಇಪ್ಪತ್ತು ವರ್ಷ ನರ್ಸ್ ಆಗಿದ್ದವಳು, ಇವರನ್ನು ಬಲ್ಲವಳು. ನಿನಗಾದರೂ ನಿಜ ಹೇಳಬೇಕು.

ಇವರಿಗೆ ಹುಷಾರಿಲ್ಲ. ಜ್ವರವಲ್ಲ, ಸಕ್ಕರೆ ಕಾಯಿಲೆಯಲ್ಲ. ಯಾವಾಗ ಶುರುವಾಯಿತು ಎಂದು ಎಲ್ಲರೂ ಕೇಳುತ್ತಾರೆ, ನನಗೆ ಹೇಳಲು ಬರುವುದಿಲ್ಲ. ಮಾರ್ಚಿನಲ್ಲಿ ಒಂದು ಬೆಳಗ್ಗೆ ಒಂದು ಕಾಲಿಗೆ ಶೂ ಹಾಕಿ, ಇನ್ನೊಂದು ಶೂವನ್ನು ಕೈಯಲ್ಲಿ ಹಿಡಿದು ಅರ್ಧ ಗಂಟೆ ಕೂತಿದ್ದರು. ನಾನು ನಗಾಡಿದೆ. ಮೇ ತಿಂಗಳಲ್ಲಿ ಕೋಆಪರೇಟಿವ್ ಅಂಗಡಿಗೆ ಹೋಗಿದ್ದೆವು. ಹಾಲಿನ ಪುಡಿಯ ಡಬ್ಬಗಳನ್ನು ಜೋಡಿಸಿಟ್ಟಿದ್ದ ಕಡೆ ನಿಂತು, ಯಾವುದನ್ನು ತೆಗೆದುಕೊಳ್ಳಬೇಕು ಎಂದು ತಿಳಿಯದೆ ಅತ್ತುಬಿಟ್ಟರು. ಹೌದು ವೈಲೆಟ್, ಅತ್ತರು. ಯಂತ್ರದ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದ ಮನುಷ್ಯ, ಇಡೀ ಬಿಲ್ಡಿಂಗಿನ ಮಿಕ್ಸಿ, ರೇಡಿಯೋ, ಟೇಪ್ ರೆಕಾರ್ಡರುಗಳನ್ನು ಶುಕ್ರವಾರ ಊಟದ ಮೇಜಿನ ಮೇಲೆ ಹರವಿಕೊಂಡು ರಿಪೇರಿ ಮಾಡುತ್ತಿದ್ದ ಮನುಷ್ಯ.

ಜುಲೈ ಕೊನೆಯಲ್ಲಿ ಒಂದು ದಿನ ಬೆಳಗ್ಗೆ ಹತ್ತು ಗಂಟೆಗೆ ಕಂಪನಿಯ ಡ್ರೈವರ್ ಉಮ್ಮರ್ ಕುಂಞಿ ಇವರ ತೋಳು ಹಿಡಿದುಕೊಂಡು ಮನೆಗೆ ಕರೆತಂದ. ಅಂಗಿಯನ್ನು ನೀರಿನಲ್ಲಿ ಅದ್ದಿ ತೆಗೆದ ಹಾಗಿತ್ತು.

“ಅಮ್ಮಾ, ಸಾರ್ ಡ್ಯೂಟಿಗೆ ಬಂದವರು ಕಾರಿಂದ ಇಳಿಯಲೇ ಇಲ್ಲ. ಗ್ಲಾಸ್ ಎಲ್ಲ ಏರಿಸಿ, ಇಂಜಿನ್ ಬಂದ್ ಮಾಡಿ ಕೂತದ್ದು. ಯಾರನ್ನೋ ಕಾಯ್ತಾ ಇದ್ದಾರೆ ಅಂತ ನಾನು ಒಂದು ಸಲ ಸುಮ್ಮನೆ ಹೋದೆ. ಎರಡನೇ ಸಲ ಬಾಗಿಲು ತೆಗೆದೆ. ಶೆಡ್ಡಿನ ನೆರಳು ಇದ್ದದ್ದಕ್ಕೆ ಆಯ್ತು, ಇಲ್ಲದಿದ್ದರೆ...” ಎಂದ.

ಅವನು ಹೋದ ಮೇಲೆ, “ಯಾಕ್ರೀ ಹೀಗೆ ಮಾಡಿದ್ರಿ?” ಎಂದು ಕೇಳಿದೆ.

“ಇಳಿಯೋಕೆ ಆಗಲಿಲ್ಲ ಚಂದ್ರಾ. ಬಾಗಿಲಿನ ಹಿಡಿ ಎಲ್ಲಿದೆ ಅಂತ ಗೊತ್ತಿತ್ತು. ಕೈ ಹೋಗಲಿಲ್ಲ” ಎಂದರು.

ಮಾರನೆಯ ದಿನವೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಈಜಿಪ್ಟಿನ ವಯಸ್ಸಾದ ಡಾಕ್ಟರು. ಒಂದು ಗಂಟೆ ಮಾತಾಡಿಸಿ, ಇದು ಮನಸ್ಸಿಗೆ ಬಂದ ಕಾಯಿಲೆ, ಖಿನ್ನತೆ ಅನ್ನುತ್ತಾರೆ, ಹುಚ್ಚಲ್ಲ, ಸೋಮಾರಿತನವೂ ಅಲ್ಲ ಎಂದು ನನಗೆ ಬಿಡಿಸಿ ಹೇಳಿದರು. ಸರ್ಟಿಫಿಕೇಟಿನಲ್ಲಿ ಮಾತ್ರ ‘ನರಗಳ ದಣಿವು’ ಎಂದು ಬರೆದರು. “ನಿಜವಾದ ಹೆಸರು ಬರೆದರೆ ಕಂಪನಿಯ ಫೈಲಿನಲ್ಲಿ ಅದು ಸಾಯುವ ತನಕ ಇರುತ್ತದೆ ಮೇಡಂ. ನಿಮ್ಮ ಗಂಡ ಇನ್ನೂ ನಲವತ್ತಮೂರು ವರ್ಷದವರು” ಎಂದರು. ಅವರ ಕೈಗೆ ಮುತ್ತಿಡಬೇಕು ಅನಿಸಿತು ಆಗ.

ಆಗಸ್ಟ್ ಒಂದರಿಂದ ಇವರು ಕೆಲಸಕ್ಕೆ ಹೋಗಿಲ್ಲ. ಒಂದು ದಿನ ಯಾರಿಗೂ ಹೇಳದೆ ರಾಜೀನಾಮೆ ಬರೆದು ಡ್ರೈವರ್ ಕೈಯಲ್ಲಿ ಕಳಿಸಿಬಿಟ್ಟಿದ್ದರು. ಅದು ಹೋಗಿ ತಲುಪಿದ್ದು ಸಿಬ್ಬಂದಿ ವಿಭಾಗದಲ್ಲಿರುವ ನಿನ್ನ ಚಿಕ್ಕಪ್ಪನ ಮಗ ರುಡಾಲ್ಫನ ಮೇಜಿಗೆ. ಆ ಹುಡುಗನ ಹೆಂಡತಿ ಮಕ್ಕಳು ನೂರು ವರ್ಷ ಬಾಳಲಿ. ಅದನ್ನು ಒಳಗೆ ಕಳಿಸದೆ ಸಂಜೆ ಮನೆಗೆ ಬಂದ.

“ಚಂದ್ರಕ್ಕ, ಇದನ್ನು ಹರಿದು ಹಾಕಿ. ಇಂಜಿನಿಯರುಗಳಿಗೆ ಅಂತ ಕಂಪನಿ ಒಂದು ಇನ್ಶೂರೆನ್ಸ್ ಮಾಡಿಸಿ ಇಟ್ಟಿದೆ. ಕಾಯಿಲೆ ಬಂದು ತುಂಬ ಕಾಲ ಕೆಲಸ ಮಾಡ್ಲಿಕ್ಕೆ ಆಗದಿದ್ರೆ ಸಂಬಳದಲ್ಲಿ ನೂರಕ್ಕೆ ಅರವತ್ತು ಅವರು ಕೊಡ್ಬೇಕು. ಕೈಕಾಲು ಹೋದವರಿಗೆ ಅರವತ್ತು ವಯಸ್ಸಿನವರೆಗೆ ಉಂಟು. ಮನಸ್ಸಿನ ಕಾಯಿಲೆಗೆ ಎರಡೇ ವರ್ಷ.”

“ಎರಡು ವರ್ಷ ಸಾಕಪ್ಪ, ಅಷ್ಟರಲ್ಲಿ ಗುಣವಾಗ್ತಾರೆ” ಎಂದೆ.

“ಅಷ್ಟು ಸುಲಭ ಇಲ್ಲ ಅಕ್ಕ. ಮೊದಲ ಆರು ತಿಂಗಳು ಅವರು ಏನೂ ಕೊಡುದಿಲ್ಲ, ಆ ಆರು ತಿಂಗಳು ಪೂರ್ತಿ ಕಾಯಿಲೆಯಲ್ಲೇ ಇರ್ಬೇಕು. ಆಮೇಲೆ ಅವರ ಜನ ಬಂದು ನೋಡ್ತಾರೆ. ಇನ್ನೊಂದು, ಸಾರ್ ಇಲ್ಲೇ ಇದ್ದು ಇಲ್ಲಿಯ ಡಾಕ್ಟರ ಹತ್ತಿರವೇ ಮದ್ದು ತಗೊಳ್ಬೇಕು. ಊರಿಗೆ ಹೋದ್ರೆ ಕ್ಲೈಮ್ ಖಲಾಸ್. ಕ್ಲೈಮ್ ನಡೆಯುವ ತನಕ ಇಲ್ಲಿ ಇರ್ಲಿಕ್ಕೆ ಬೇಕಾದ ಇಕಾಮಾ ಕಂಪನಿ ಇಡ್ತದೆ, ಮನೆಯೂ ಇರ್ತದೆ. ಕ್ಲೈಮ್ ಬಿದ್ರೆ ಎರಡೂ ಹೋಗ್ತದೆ.”

ಫಾರಂ ತುಂಬಲು ನಾಲ್ಕು ದಿನ ಹಿಡಿಯಿತು. ಕಾಯಿಲೆ ಶುರುವಾದ ದಿನಾಂಕ ಎಂದು ಒಂದು ಖಾನೆ. ಕಾರಣ ಎಂದು ಇನ್ನೊಂದು. ಇವರನ್ನೇ ಕೇಳಿದೆ. “ನೀನೇ ಏನಾದರೂ ಬರಿ. ನನಗೆ ಕಾರಣ ಗೊತ್ತಿದ್ದರೆ ರಿಪೇರಿ ಮಾಡ್ಕೊಳ್ತಿರಲಿಲ್ಲವಾ?” ಎಂದರು.

ಊರಿನಿಂದ ಯಾರಾದರೂ ಬರುವವರಿದ್ದರೆ ಅವರ ಕೈಯಲ್ಲಿ ನಿನ್ನದೊಂದು ಕಾಗದ ಕಳಿಸು. ಅಂಚೆಗಿಂತ ಬೇಗ ಸಿಗುತ್ತದೆ. ಒಲಿಂಡಾಗೆ, ಅಳಿಯನಿಗೆ ನನ್ನ ಮನಸಾರೆ ಆಶೀರ್ವಾದ.

ನಿನ್ನ,
ಚಂದ್ರಪ್ರಭಾ


ಫಹಾಹೀಲ್
24 ಫೆಬ್ರವರಿ 1984

ಪ್ರೀತಿಯ ವೈಲೆಟ್,

ನಿನ್ನ ಎರಡೂ ಕಾಗದ ಬಂದವು, ಉಪ್ಪಿನಕಾಯಿಯೂ ಬಂತು. ಡಿಸೆಂಬರಿನಲ್ಲಿ ಇಲ್ಲಿ ಬಾಂಬು ಸಿಡಿದ ಮೇಲೆ ಏರ್‌ಪೋರ್ಟಿನಲ್ಲಿ ಎಲ್ಲವನ್ನೂ ಬಿಚ್ಚಿ ನೋಡುತ್ತಾರಂತೆ. ನಿನ್ನ ಜಾಡಿಯ ಮುಚ್ಚಳ ತೆಗೆದವನು ಕೈ ಬೀಸಿ ‘ಯಲ್ಲಾ, ಯಲ್ಲಾ’ ಎಂದು ಕಳಿಸಿಬಿಟ್ಟನಂತೆ.

‘ಎಲ್ಲ ಬಿಟ್ಟು ಬಂದುಬಿಡಿ, ಮಂಗಳೂರಿನಲ್ಲಿ ಒಳ್ಳೆಯ ಡಾಕ್ಟರಿದ್ದಾರೆ, ನಮ್ಮ ಮನೆಯಲ್ಲೇ ಇದ್ದು ತೋರಿಸಿ’ ಎಂದು ಬರೆದಿದ್ದೀಯ. ಅದನ್ನು ಓದಿ ಅಡುಗೆಮನೆಯಲ್ಲಿ ಅತ್ತುಬಿಟ್ಟೆ. ಇವರೂ ಅದನ್ನೇ ಹೇಳುತ್ತಾರೆ. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಐದು ‘ಊರಿಗೆ ಹೋಗೋಣ.’ ಆದರೆ ಹೇಗೆ ಬರಲಿ ಹೇಳು. ಮೈದುನನಿಗೆ ಇನ್ನೂ ಸರಿಯಾದ ಕೆಲಸವಿಲ್ಲ, ಆ ಮನೆ ನಡೆಯುವುದು ಇವರಿಂದಲೇ. ಇಂಥ ಸರ್ಟಿಫಿಕೇಟು ಹಿಡಿದುಕೊಂಡು ಬಂದವರಿಗೆ ಅಲ್ಲಿ ಕೆಲಸ ಕೊಡುವವರು ಯಾರು? ಅತ್ತೆ ಇವರನ್ನು ಆಸ್ಪತ್ರೆಗೆ ಬಿಡುತ್ತಾರೆಯೇ, ಮಂತ್ರ ಹಾಕಿಸಲು ಕರೆದುಕೊಂಡು ಹೋಗುತ್ತಾರೆ. ನಾಳೆ ವಸುಧಾಳನ್ನು ನೋಡಲು ಬಂದವರು ‘ತಂದೆಗೆ ಏನಾಗಿತ್ತಂತೆ?’ ಎಂದು ಕೇಳುತ್ತಾರೆ. ಇಲ್ಲಿ ಯಾರಿಗೂ ಯಾರ ಮನೆಯೊಳಗಿನದೂ ಗೊತ್ತಾಗುವುದಿಲ್ಲ. ಅದಕ್ಕೇ ಇಲ್ಲಿರಬೇಕು, ಅದರಿಂದಲೇ ಇಲ್ಲಿ ಉಸಿರುಕಟ್ಟುತ್ತದೆ.

ಜನವರಿ ಕೊನೆಯಲ್ಲಿ ಇನ್ಶೂರೆನ್ಸಿನವರು ಬಂದರು. ಶರೀಫ್ ಎಂದು ಹೆಸರು, ಹೈದರಾಬಾದಿನ ಕಡೆಯವರು, ಬ್ನೇದ್ ಅಲ್ ಗಾರ್‌ನಲ್ಲಿ ಮನೆ. ಬಿಳಿ ಕೂದಲು, ಬಲು ಮರ್ಯಾದಸ್ಥರು. ನನ್ನನ್ನು ಭಾಭೀಜಿ ಎಂದೇ ಕರೆದರು. ಹೆದರಿಕೊಂಡು ಕೂತಿದ್ದ ನನಗೆ ಅವರನ್ನು ನೋಡಿ ಜೀವ ಬಂತು. ಪ್ರಶ್ನೆಗಳನ್ನು ಕೇಳುತ್ತ ಕೇಳುತ್ತ ಮಾತು ಕ್ರಿಕೆಟ್ಟಿನ ಕಡೆ ಹೋಯಿತು. ಜೂನಿನ ವಿಶ್ವಕಪ್ ಫೈನಲ್ ಕೇಳಿದ್ದಿರಾ ಸಾಹೇಬ್ ಎಂದು ಅವರು ಇವರನ್ನು ಕೇಳಿದರು.

ವೈಲೆಟ್, ಇವರು ಬಾಯಿ ಬಿಟ್ಟರು. ಆ ಮ್ಯಾಚಿನ ದಿನ ರೇಡಿಯೋ ಮುಂದೆ ಗೋಡೆ ನೋಡುತ್ತ ಕೂತಿದ್ದರು, ಒಂದು ಅಕ್ಷರವೂ ಇವರ ಕಿವಿಗೆ ಬಿದ್ದಿಲ್ಲ ಎಂದು ನಾನು ತಿಳಿದಿದ್ದೆ. ಎಲ್ಲ ಕೇಳಿಸಿಕೊಂಡಿದ್ದರು! ಯಾರು ಎಷ್ಟು ಹೊಡೆದರು, ಯಾವ ಓವರಿನಲ್ಲಿ ಯಾರು ಔಟಾದರು, ಒಂದೊಂದನ್ನೂ ಹೇಳಿದರು. ಹೇಳುತ್ತ ಹೇಳುತ್ತ ಶರೀಫ್ ಸಾಹೇಬರ ಕೈಗಡಿಯಾರ ನಿಂತಿರುವುದನ್ನು ಕಂಡು, “ಕೊಡಿ ಇಲ್ಲಿ” ಎಂದು ಬಿಚ್ಚಿಸಿಕೊಂಡು, ಸಣ್ಣ ಸ್ಕ್ರೂಡ್ರೈವರ್ ತರಿಸಿ, ಹತ್ತು ನಿಮಿಷದಲ್ಲಿ ಸರಿಮಾಡಿ ಕೊಟ್ಟರು. ಅವರನ್ನು ಲಿಫ್ಟಿನವರೆಗೆ ಕಳಿಸಿಬಂದರು. ಬಂದು ಮಲಗಿದವರು ಮೂರು ದಿನ ಏಳಲಿಲ್ಲ, ಆ ಮಾತು ಬೇರೆ. ಆದರೆ ಆ ಒಂದು ಗಂಟೆ ನನ್ನ ಹಳೆಯ ಗಂಡನನ್ನು ಕಂಡೆ. ಸತ್ಯನಾರಾಯಣನಿಗೆ ತುಪ್ಪದ ದೀಪ ಹಚ್ಚಿದೆ.

ಹೋದ ವಾರ ಉತ್ತರ ಬಂತು. ರುಡಾಲ್ಫ್ ಓದಿ ಅರ್ಥ ಹೇಳಿದ. ಅರ್ಜಿದಾರರು ಚೆನ್ನಾಗಿ ಮಾತಾಡುತ್ತಾರೆ, ನೆನಪಿನ ಶಕ್ತಿ ಸರಿಯಾಗಿದೆ, ಸೂಕ್ಷ್ಮವಾದ ಯಂತ್ರದ ಕೆಲಸವನ್ನು ಕೈ ನಡುಗದೆ ಮಾಡುತ್ತಾರೆ. ದಣಿವು ಎನ್ನುವುದು ಕಾಯಿಲೆಯಲ್ಲ. ಆದ್ದರಿಂದ ಕ್ಲೈಮ್ ತಿರಸ್ಕರಿಸಲಾಗಿದೆ.

ಎಷ್ಟು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದಿದ್ದಾರೆ ಎಂದರೆ, ಬೇರೆ ಯಾವುದಕ್ಕಾದರೂ ಆಗಿದ್ದರೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬಹುದಾಗಿತ್ತು.

“ಹಾಗಾದರೆ ಕೆಲಸಕ್ಕೇ ಹೋಗಲಿ, ಸ್ವಲ್ಪ ಸ್ವಲ್ಪ ಅಭ್ಯಾಸವಾಗುತ್ತೆ” ಎಂದೆ ರುಡಾಲ್ಫನಿಗೆ.

ಅವನು ತಲೆ ಅಲ್ಲಾಡಿಸಿದ. “ಬೇಡ ಅಕ್ಕ, ದಮ್ಮಯ್ಯ. ಅಪೀಲಿಗೆ ತೊಂಬತ್ತು ದಿನ ಉಂಟು. ಅದರ ಮಧ್ಯೆ ಸಾರ್ ಒಂದೇ ಒಂದು ದಿನ ಬಂದು ರಿಜಿಸ್ಟರಿನಲ್ಲಿ ಸೈನ್ ಹಾಕಿದ್ರೂ ‘ಗುಣವಾದರು’ ಅಂತ ಬರೀತಾರೆ. ಮಾರನೇ ದಿನ ಪುನಃ ಆಗುದಿಲ್ಲ ಅಂತ ಮಲಗಿದ್ರೆ ಆರು ತಿಂಗಳು ಮೊದಲಿನಿಂದ ಎಣಿಸ್ಬೇಕು. ಕಂಪನಿ ಅಷ್ಟು ದಿನ ಕಾಯ್ತದಾ? ಟಿಕೆಟ್ ಕೈಗೆ ಕೊಡ್ತದೆ.”

“ಮತ್ತೆ ಏನು ಮಾಡಲಿ?”

“ಡಾಕ್ಟರ ಹತ್ತಿರ ನಿಜವಾದ ಹೆಸರು ಬರೆಸಿ. ಮತ್ತೆ...” ಅವನು ತಲೆ ತಗ್ಗಿಸಿಕೊಂಡು ಹೇಳಿದ, “ಮತ್ತೆ ಅವರು ಬಂದಾಗ ಸಾರ್ ಗಡಿಯಾರ ರಿಪೇರಿ ಮಾಡುದು ಬೇಡ.”

ನಿನ್ನೆ ಆಸ್ಪತ್ರೆಗೆ ಹೋದೆ. ಕಳೆದ ವರ್ಷ ಯಾವ ಹೆಸರನ್ನು ಬರೆಯಲಿಲ್ಲವೆಂದು ಅವರ ಕೈಗೆ ಮುತ್ತಿಡಬೇಕು ಅನಿಸಿತ್ತೋ, ಅದೇ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದುಕೊಡಿ ಎಂದು ಬೇಡಿಕೊಂಡೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ‘ತೀವ್ರ’ ಎಂದು ಸೇರಿಸಲೇ ಎಂದು ಕೇಳಿದರು. ಸೇರಿಸಿ ಎಂದೆ. ಇವರು ಪಕ್ಕದಲ್ಲೇ ಕೂತಿದ್ದರು. ವಾಪಸು ಬರುವಾಗ ಕಾರಿನಲ್ಲಿ, “ನನಗೆ ಅಷ್ಟು ಜಾಸ್ತಿ ಆಗಿದೆಯಾ ಚಂದ್ರಾ?” ಎಂದು ಕೇಳಿದರು. ಉಮ್ಮರ್ ಕುಂಞಿ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಾನು ಸಮುದ್ರದ ಕಡೆ ತಿರುಗಿಕೊಂಡೆ.

ಬಂದುಬಿಡಿ ಎಂದು ಇನ್ನೊಮ್ಮೆ ಬರೆಯಬೇಡ ವೈಲೆಟ್. ಓದಿದರೆ ಬರಬೇಕು ಅನಿಸುತ್ತದೆ.

ನಿನ್ನ,
ಚಂದ್ರಪ್ರಭಾ


ಫಹಾಹೀಲ್
8 ಜೂನ್ 1984

ಪ್ರೀತಿಯ ವೈಲೆಟ್,

ಒಲಿಂಡಾಗೆ ಗಂಡು ಮಗುವಾದ ಸುದ್ದಿ ರುಡಾಲ್ಫನಿಂದ ಗೊತ್ತಾಯಿತು. ನೀನು ಅಜ್ಜಿಯಾದೆ! ಮಗು ಯಾರ ಹಾಗಿದೆ? ನಿನ್ನ ಮೂಗು ಬಂದಿದ್ದರೆ ಒಳ್ಳೆಯದು, ಕಜೆಟನ್ ಅವರದು ಬೇಡ ಎಂದು ನಾನು ಹೇಳಿದೆನೆಂದು ಅವರಿಗೆ ಹೇಳು. ರುಡಾಲ್ಫ್ ರಜೆಯಲ್ಲಿ ಊರಿಗೆ ಬರುತ್ತಿದ್ದಾನೆ, ಅವನ ಕೈಯಲ್ಲೇ ಈ ಕಾಗದ, ಮಗುವಿಗೆ ಎರಡು ಅಂಗಿ, ನಿನಗೆ ಖರ್ಜೂರ ಕಳಿಸುತ್ತಿದ್ದೇನೆ. ನಾಲ್ಕು ತಿಂಗಳಿಂದ ಬರೆಯದೇ ಇದ್ದುದಕ್ಕೆ ಈ ಖರ್ಜೂರವೇ ದಂಡ ಎಂದುಕೋ.

ರಂಜಾನ್ ಶುರುವಾಗಿ ಒಂದು ವಾರ. ಹಗಲು ಬೀದಿಯಲ್ಲಿ ನರಪಿಳ್ಳೆ ಇಲ್ಲ. ಬಿಸಿಲು ಹೇಗಿದೆ ಎಂದು ನಿನಗೆ ಹೇಳಬೇಕಾಗಿಲ್ಲ. ಮೊನ್ನೆ ಧೂಳು ಎದ್ದು, ಕಿಟಕಿಯ ಸಂದಿಗೆಲ್ಲ ಒದ್ದೆ ಟವೆಲ್ ತುರುಕಿದರೂ ಅನ್ನದಲ್ಲಿ ಮರಳು.

ದೊಡ್ಡ ಸುದ್ದಿ ಹೇಳುತ್ತೇನೆ. ಅಪೀಲು ನಮ್ಮ ಕಡೆಗಾಯಿತು. ಎರಡು ವರ್ಷ ಮಂಜೂರಾಗಿದೆ. ಇಕಾಮಾ ಮುಂದುವರಿಯಿತು, ಮನೆ ಉಳಿಯಿತು, ವಸುಧಾಳ ಸ್ಕೂಲು ಉಳಿಯಿತು. ರುಡಾಲ್ಫ್ ಕಾಗದ ಹಿಡಿದುಕೊಂಡು ಮೆಟ್ಟಿಲು ಓಡಿಬಂದ. ಲಿಫ್ಟ್ ಬರುವ ತನಕ ಕಾಯಲು ಆಗಲಿಲ್ಲವಂತೆ. “ಅಕ್ಕಾ, ಈ ಪಾಲಿಸಿಯಲ್ಲಿ ಮನಸ್ಸಿನ ಕಾಯಿಲೆಗೆ ಸಿಕ್ಕಿದ್ದು ಇದೇ ಫಸ್ಟ್, ಗೊತ್ತುಂಟಾ?” ಎಂದ. ಅವನಿಗೆ ಕಾಫಿ ಕೊಟ್ಟೆ.

ಮೇ ಹತ್ತನೇ ತಾರೀಖು ಗುರುವಾರ ಶರೀಫ್ ಸಾಹೇಬರು ಎರಡನೇ ಸಲ ಬಂದಿದ್ದರು. ಈ ಬಾರಿ ಜೊತೆಗೆ ಬಹರೇನಿನಿಂದ ಬಂದ ಒಬ್ಬ ಇಂಗ್ಲಿಷ್ ಡಾಕ್ಟರೂ ಇದ್ದರು. ಇವರು ಸೋಫಾದ ಮೂಲೆಯಲ್ಲಿ ಬನಿಯನ್, ಲುಂಗಿಯಲ್ಲಿ ಕೂತಿದ್ದರು. ಡಾಕ್ಟರು ಇವತ್ತು ಯಾವ ದಿನ ಎಂದು ಕೇಳಿದರು. ಉತ್ತರವಿಲ್ಲ. ನಿಮ್ಮ ಕೆಲಸವೇನು ಎಂದರು. ನೆಲ ನೋಡಿದರು. ಶರೀಫ್ ಸಾಹೇಬರು ಕೈ ಮುಂದೆ ಮಾಡಿ, “ದೇಖಿಯೇ ಸಾಹೇಬ್, ನೀವು ಸರಿಮಾಡಿದ ಗಡಿಯಾರ, ಇವತ್ತಿಗೂ ಒಂದು ನಿಮಿಷ ಹಿಂದೆ ಬಿದ್ದಿಲ್ಲ” ಎಂದರು. ಅವರು ಪರೀಕ್ಷಿಸಲು ಹೇಳಿದರೋ ಪ್ರೀತಿಯಿಂದ ಹೇಳಿದರೋ ನನಗೆ ಇವತ್ತಿಗೂ ತಿಳಿಯದು. ಇವರು ಗಡಿಯಾರದ ಕಡೆ ಕಣ್ಣೆತ್ತಲಿಲ್ಲ.

ಕೊನೆಗೆ ಡಾಕ್ಟರು ಬಾಗಿಲ ಪರದೆಯ ಹತ್ತಿರ ನಿಂತಿದ್ದ ವಸುಧಾಳನ್ನು ತೋರಿಸಿ, “ಇವಳ ಹೆಸರೇನು?” ಎಂದು ಕೇಳಿದರು. ಇವರು ಅವಳನ್ನೇ ನೋಡಿದರು. ತುಂಬ ಹೊತ್ತು ನೋಡಿದರು. ಹೇಳಲಿಲ್ಲ. ಡಾಕ್ಟರು ಪೆನ್ನಿನ ಕ್ಯಾಪು ಹಾಕಿಕೊಂಡು, “ಥ್ಯಾಂಕ್ಯೂ, ಇಷ್ಟು ಸಾಕು” ಎಂದರು. ಶರೀಫ್ ಸಾಹೇಬರು ಹೋಗುವಾಗ ನನಗೆ, “ಅಲ್ಲಾ ನಿಮಗೆ ಸಬೂರಿ ಕೊಡಲಿ ಭಾಭೀಜಿ. ಹೋದ ಸಲ ನಾನು ಬರೆದದ್ದರ ಬಗ್ಗೆ ನನಗೇ ಬೇಸರವಿದೆ” ಎಂದರು. ಅವರ ಕಣ್ಣು ತೇವವಾಗಿತ್ತು.

ಮೂರು ತಿಂಗಳಿಗೊಮ್ಮೆ ಬಂದು ನೋಡುತ್ತಾರಂತೆ. ಮುಂದಿನದು ಆಗಸ್ಟಿನಲ್ಲಿ.

ಇವರು ಇದ್ದ ಹಾಗೆಯೇ ಇದ್ದಾರೆ. ಹೆಚ್ಚೇನೂ ಬರೆಯುವುದಿಲ್ಲ. ಈಗ ಊರಿಗೆ ಹೋಗೋಣ ಎಂದು ಕೇಳುವುದನ್ನೂ ಬಿಟ್ಟಿದ್ದಾರೆ. ಅತ್ತೆಯವರಿಗೆ ಕಾಗದ ಹೋಗುತ್ತಲೇ ಇದೆ. ಸಹಿಯನ್ನು ಕಳೆದ ಎರಡು ಸಲ ನಾನೇ ಹಾಕಿದೆ.

ಮಗುವಿಗೆ ಎಣ್ಣೆ ಹಚ್ಚುವಾಗ ನನ್ನ ಹೆಸರಿನಲ್ಲೂ ಒಂದು ಸಲ ಬೆನ್ನು ನೀವು. ಅದು ಗಟ್ಟಿಯಾಗಿ ಬೆಳೆಯಲಿ, ಒಲಿಂಡಾಳ ಮಡಿಲು ತಂಪಾಗಿರಲಿ, ನಿಮ್ಮ ಮನೆಯ ಬಾಗಿಲು ಯಾವತ್ತೂ ತೆರೆದಿರಲಿ.

ನಿನ್ನ,
ಚಂದ್ರಪ್ರಭಾ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಇಟ್ಟಿದ್ದೆ, ರುಡಾಲ್ಫ್ ಬರಲು ಇನ್ನೂ ಒಂದು ಗಂಟೆ ಇದೆ, ಮತ್ತೆ ಬಿಚ್ಚಿದ್ದೇನೆ. ಇದನ್ನು ಅವನಿಗೂ ಹೇಳಬೇಡ.

ಆ ಗುರುವಾರ ಬೆಳಗ್ಗೆ ನಾನು ಏಳುವ ಹೊತ್ತಿಗೆ ಬಚ್ಚಲಿನಲ್ಲಿ ನೀರಿನ ಸದ್ದಾಗುತ್ತಿತ್ತು. ಇವರು ತಾವಾಗಿಯೇ ಎದ್ದು ಸ್ನಾನ ಮಾಡುತ್ತಿದ್ದರು. ಗಡ್ಡ ತೆಗೆದು, ನೀಲಿ ಗೆರೆಯ ಅಂಗಿಯನ್ನು ಇಸ್ತ್ರಿ ಮಾಡಿಕೊಂಡು ಹಾಕಿಕೊಂಡು, ಡಿಕಾಕ್ಷನ್ ಇಳಿಸಿ ಇಬ್ಬರಿಗೂ ಕಾಫಿ ಮಾಡಿ ತಂದರು. ಒಂಬತ್ತು ತಿಂಗಳ ಮೇಲೆ, ವೈಲೆಟ್. “ಚಂದ್ರಾ, ಕಿವಿಯೊಳಗೆ ನೀರು ತುಂಬಿರುತ್ತಲ್ಲ, ಅದು ಇಳಿದ ಹಾಗಿದೆ. ಸಂಜೆ ವಸುಧಾನ ಸಮುದ್ರದ ಹತ್ತಿರ ಕರ್ಕೊಂಡು ಹೋಗ್ತೀನಿ. ಶನಿವಾರ ಪ್ಲಾಂಟಿಗೆ ಒಂದು ಸಲ ಹೋಗಿ ನೋಡಲಾ?” ಎಂದರು. ನನ್ನ ಮುಖ ನೋಡುತ್ತ ನಿಂತರು, ನಾನು ಸಂತೋಷಪಡಲಿ ಎಂದು.

ಹನ್ನೊಂದು ಗಂಟೆಗೆ ಇನ್ಶೂರೆನ್ಸಿನವರು ಬರುವವರಿದ್ದರು.

ನಾನು ಹೆದರಿದೆ. ಜನವರಿಯಲ್ಲೂ ಒಂದು ಗಂಟೆ ಹೀಗೇ ಇದ್ದು ಮೂರು ದಿನ ಮಲಗಿದ್ದರು. ಶನಿವಾರ ಹೋಗಿ ಸೈನ್ ಹಾಕಿ, ಭಾನುವಾರ ಮತ್ತೆ ಕಾರಿನೊಳಗೆ ಕೂತುಬಿಟ್ಟರೆ? ಈ ಯೋಚನೆಗಳೆಲ್ಲ ಸರಿಯೇ ಇದ್ದವು. ಈಗಲೂ ಸರಿಯೇ ಅನಿಸುತ್ತದೆ. ಕಾಫಿ ಲೋಟ ಕೆಳಗಿಟ್ಟು, “ಇವತ್ತು ಒಂದು ದಿನ ಬೇಡಾರೀ. ಅವರು ಬಂದು ಹೋಗಲಿ. ಏನು ಕೇಳಿದರೂ ಮಾತಾಡಬೇಡಿ” ಎಂದೆ. ಇವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖದಲ್ಲಿ ಏನು ಬಂತೋ ಅದನ್ನು ಬರೆಯಲು ನನಗೆ ಬರುವುದಿಲ್ಲ. “ಸರಿ” ಎಂದರು. ಅಂಗಿಯ ಗುಂಡಿಗಳನ್ನು ನಾನೇ ಬಿಚ್ಚಿದೆ, ಮಗುವಿನ ಹಾಗೆ ಕೈ ಎತ್ತಿದರು. ಬಾಚಿದ ತಲೆಯನ್ನು ಈ ಕೈಯಿಂದಲೇ ಕೆದರಿದೆ. ಗಡ್ಡ ಯಾರು ತೆಗೆದದ್ದು ಎಂದು ಶರೀಫ್ ಸಾಹೇಬರು ಕೇಳಿದಾಗ, ನಾನೇ ಎಂದೆ.

ಆ ದಿನದಿಂದ ಇವರು ಆ ಸೋಫಾದ ಮೂಲೆ ಬಿಟ್ಟು ಎದ್ದಿಲ್ಲ. ತಿನ್ನಿಸಿದರೆ ತಿನ್ನುತ್ತಾರೆ. ಇದು ಕಾಯಿಲೆಯೋ, ನನ್ನ ಮಾತು ನಡೆಸುತ್ತಿರುವುದೋ ನನಗೆ ಗೊತ್ತಾಗುತ್ತಿಲ್ಲ. ನೀನು ಇಪ್ಪತ್ತು ವರ್ಷ ರೋಗಿಗಳನ್ನು ನೋಡಿದವಳು, ಎರಡರ ನಡುವೆ ವ್ಯತ್ಯಾಸ ತಿಳಿಯುವುದು ಹೇಗೆ, ಬರೆ.

ವಸುಧಾ ಆವತ್ತು ಬೆಳಗ್ಗೆ ಎಚ್ಚರವಾಗಿದ್ದಳು. ಎಲ್ಲವನ್ನೂ ನೋಡಿದ್ದಾಳೆ. ನಿನ್ನೆ ನನ್ನ ಪಕ್ಕ ಬಂದು ನಿಂತು, ಎಂದೂ ಇಲ್ಲದ್ದು, ಕನ್ನಡದಲ್ಲಿ ಕೇಳಿದಳು: “ಅಮ್ಮಾ, ಇನ್ನು ಏಳಬಹುದು ಅಂತ ಅಪ್ಪನಿಗೆ ನೀನು ಹೇಳಿದೆಯಾ?”

ಹೇಳಿದ್ದೇನೆ ವೈಲೆಟ್. ಇನ್ಶೂರೆನ್ಸಿನವರು ಹೋದ ಮರುಕ್ಷಣವೇ ಹೇಳಿದೆ. ದಿನವೂ ಹೇಳುತ್ತಿದ್ದೇನೆ. “ಸರಿ” ಅನ್ನುತ್ತಾರೆ. ಏಳುವುದಿಲ್ಲ.